ಅಜ್ಜಾರ ಗಾಡಿ ಎಲ್ಲಿ ಸೋರುತ್ತಿತ್ತು

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಮಠಕ್ಕೊಂದು ಹಳೆಯ ವ್ಯಾನು.

ವ್ಯಾನಿನೊಳಗೆ ಮಲಗಲು ಹಲಗೆ, ಅಡುಗೆಗೆ ಒಲೆ, ಚಳಿಗೆ ಹೀಟರು ಇದ್ದವು. ಅದರಲ್ಲೇ ವಾಸಮಾಡಿಕೊಂಡು ಊರೂರು ಅಲೆಯುತ್ತಿದ್ದ ಪರದೇಶದ ಭಕ್ತನೊಬ್ಬ, ವೈರಾಗ್ಯ ಬಂದು, ಅದನ್ನು ಮಠಕ್ಕೆ ಬಿಟ್ಟು ಹೋಗಿದ್ದ. ವೈರಾಗ್ಯಕ್ಕೆ ವ್ಯಾನೇ ಕಾರಣವಿರಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಮಠದ ಹಿರಿಯರಾದ ನಿರಂಜನಯ್ಯ ಅಜ್ಜಾರು ಪ್ರವಚನಕ್ಕೆ ಹೋಗುವುದು ಅದರಲ್ಲೇ. ಹಿಂದಿನ ಹಲಗೆಯೇ ಅವರ ಗದ್ದುಗೆ. ಓಡಿಸುವವನು ಶಿಷ್ಯ ಅಡಿವೆಪ್ಪ.

ಮಠದ ಅಡುಗೆಯ ಬಾಳವ್ವನ ಅಕ್ಕ ಘಟ್ಟದ ಆಚೆಯ ಊರಲ್ಲಿ ಹಾಸಿಗೆ ಹಿಡಿದಿದ್ದಳು. ಒಮ್ಮೆ ಮುಖ ತೋರಿಸಿ ಹೋಗು ಎಂದು ಹೇಳಿಕಳಿಸಿದ್ದಳು. ಬಾಳವ್ವನ ಸೊಂಟ ಮುರಿದು ಕೂಡಿದ್ದು, ಬಸ್ಸಿನಲ್ಲಿ ಕೂರುವಂತಿಲ್ಲ. ಮಲಗಿಕೊಂಡು ಹೋಗಲು ಇದ್ದದ್ದು ಈ ಗಾಡಿಯೊಂದೇ.

ಎರಡು ಸಲ ಹೊರಟರು. ಎರಡು ಸಲವೂ ಘಟ್ಟದ ಮೊದಲ ಏರಿನಲ್ಲೇ ಎಂಜಿನ್ ಕುದಿದು ನಿಂತಿತು. ಹೊರಡುವಾಗ ತುಂಬಿದ್ದ ರೇಡಿಯೇಟರು ಅಷ್ಟರಲ್ಲಿ ಬರಿದಾಗಿತ್ತು. ನೆಲದ ಮೇಲೆ ಮಾತ್ರ ಒಂದು ಹನಿಯೂ ಬಿದ್ದಿರಲಿಲ್ಲ.

ಅಡಿವೆಪ್ಪ ಹಠ ಹಿಡಿದ. ಸೋರುವ ಜಾಗ ಸಿಗುವ ತನಕ ಊಟ ಮುಟ್ಟುವುದಿಲ್ಲ ಎಂದ. ಊಟ ಬಿಟ್ಟರೆ ಪೈಪಿನ ತೂತು ಕಾಣುತ್ತದೆಂದು ಯಾವ ಮೆಕ್ಯಾನಿಕ್ಕೂ ಅವನಿಗೆ ಹೇಳಿರಲಿಲ್ಲ.

ಮುಂದಿನ ದೊಡ್ಡ ಪೈಪುಗಳನ್ನು ಬದಲಿಸಿದ. ರೇಡಿಯೇಟರು ಬಿಚ್ಚಿ ಬೆಸುಗೆ ಹಾಕಿಸಿದ. ವಾಟರ್ ಪಂಪನ್ನು ಹೊಸದು ಮಾಡಿಸಿದ. ಮುಚ್ಚಳವನ್ನೂ ಬಿಡಲಿಲ್ಲ. ಹಸಿರು ಕೂಲಂಟ್ ಬೆರೆಸಿದ ನೀರು ತುಂಬಿ ಗಾಡಿ ಓಡಿಸಿ ಬಂದರೆ, ನೀರು ಮತ್ತೆ ಮಾಯ.

ಬಾಳವ್ವ ಬಂದು, ಗಾಡಿಯಲ್ಲಿ ತನಗಾಗಿ ಕೆಳಗೆ ಹಾಸಿದ ಕೌದಿಯ ಅಂಚು ಒದ್ದೆಯಾಗಿತ್ತೆಂದು ಹೇಳಿದಳು. ಅವಳ ನೀರಿನ ತಂಬಿಗೆ ಉರುಳಿರಬೇಕು ಎಂದ ಅಡಿವೆಪ್ಪ, ವ್ಯಾನಿನ ಅಡಿಯಿಂದ ತಲೆ ಹೊರಗೆ ಹಾಕದೆ.

“ನನ್ನ ತಂಬಿಗಿಗೆ ಮುಚ್ಚಳ ಐತೋ ತಮ್ಮಾ,” ಎಂದಳು ಬಾಳವ್ವ. “ಅದು ಸೋರಿದ್ರ ಘಟ್ಟ ಏರಾಕ ಬರೂದಿಲ್ಲೇನು?”

ಅಡಿವೆಪ್ಪ ಇನ್ನೊಂದು ನಟ್ಟು ಬಿಗಿದ. ಅವನ ಕೈಯಲ್ಲಿ ಪಾನಾ ಇತ್ತು, ಮನಸ್ಸಿನಲ್ಲಿ ವ್ರತ ಇತ್ತು.

ಸಂಜೆ ಅಜ್ಜಾರು ಹೊಳೆಯಿಂದ ಬಂದರು. ಶಿಷ್ಯನ ಕಾಲುಗಳು ವ್ಯಾನಿನ ಕೆಳಗಿನಿಂದ ಚಾಚಿಕೊಂಡಿದ್ದವು.

“ನೀ ಊಟ ಬಿಟ್ಟೀ, ಗಾಡಿ ನೀರು ಬಿಟ್ಟೈತಿ,” ಎಂದರು. “ಘಟ್ಟ ಏರೋರು ಯಾರು?”

ಅಡಿವೆಪ್ಪ ಎದ್ದು ಬಂದು, ತಾನು ಬಿಚ್ಚಿದ್ದನ್ನೆಲ್ಲ ಹೇಳಿದ. ಕೊನೆಗೆ, ಅಜ್ಜಾರ ಆಶೀರ್ವಾದವೊಂದು ಉಳಿದಿದೆ ಎಂದ.

ಅಜ್ಜಾರು ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದರು. ಅಂಗೈಯಲ್ಲಿ ಪುಡಿಮಾಡಿ ಎಂಜಿನ್ನಿನ ಒಣಗಿದ ಪೈಪುಗಳಿಗೆ, ಅವುಗಳ ಕೀಲುಗಳಿಗೆ, ಪಂಪಿನ ಸುತ್ತ ತೆಳ್ಳಗೆ ಬಳಿದರು. ಅಡಿವೆಪ್ಪ ಕಣ್ಣು ಮುಚ್ಚಿ ಕೈ ಮುಗಿದ.

“ಕೈ ಮುಗೀಬ್ಯಾಡ. ನೀರು ತುಂಬಿ ಎಂಜಿನ್ ಚಾಲೂ ಮಾಡು. ಕಣ್ಣು ತಗದು ನೋಡು.”

ಎಂಜಿನ್ ಕಾವೇರುವ ತನಕ ಇಬ್ಬರೂ ಕಾದರು. ವಿಭೂತಿ ಬಳಿದಂತೆಯೇ ಇತ್ತು, ಒಣಗಿ, ಬೆಳ್ಳಗೆ. ನೀರು ಎಲ್ಲಿ ಇಳಿದರೂ ಅದರ ಮೇಲೆ ಗೆರೆ ಮೂಡಬೇಕಿತ್ತು. ಒಂದೂ ಮೂಡಲಿಲ್ಲ.

“ಇದು ನಿರಪರಾಧಿ,” ಎಂದರು ಅಜ್ಜಾರು. “ನೀರು ಇಲ್ಲಿಂದ ಮತ್ತೆಲ್ಲಿಗೆ ಹೊಕ್ಕೈತಿ?”

“ಎರಡು ಸಣ್ಣ ಪೈಪು ಹಿಂದಕ್ಕ ಹೊಕ್ಕಾವ್ರೀ. ಹೀಟರಿಗೆ.”

“ನೋಡೀಯೇನು?”

“ಇಲ್ರೀ.”

“ಹೀಟರು ಎಲ್ಲೈತಿ?”

“ತಮ್ಮ ಗದ್ದುಗಿ ಕೆಳಗ, ಅಜ್ಜಾರೆ.”

ಗುರುವಿನ ಗದ್ದುಗೆಯನ್ನು ಶಿಷ್ಯ ಎತ್ತುವ ಪದ್ಧತಿ ಆ ಮಠದಲ್ಲಿರಲಿಲ್ಲ. ದಿನಾ ಮುಂಜಾನೆ ಅದಕ್ಕೆ ಹೂವು ಇಡುವ ಪದ್ಧತಿ ಇತ್ತು. ಅಡಿವೆಪ್ಪ ಅದನ್ನು ತಪ್ಪದೆ ಪಾಲಿಸಿದ್ದ. ರೇಡಿಯೇಟರು ಬಿಚ್ಚಿದ ದಿನವೂ ಹೂವು ಇಟ್ಟು ಬಂದೇ ಬಿಚ್ಚಿದ್ದ.

“ಎತ್ತು,” ಎಂದರು ಅಜ್ಜಾರು.

ಅವನು ಕದಲಲಿಲ್ಲ. ಬೇಕಾದರೆ ಇನ್ನೊಮ್ಮೆ ಎಂಜಿನ್ ಪೂರ್ತಿ ಬಿಚ್ಚುತ್ತೇನೆ ಎಂದ.

ಅಜ್ಜಾರು ತಾವೇ ಗಾಡಿ ಹತ್ತಿದರು. ಹೂವನ್ನು ಬಾಗಿಲ ಬಳಿ ಬಂದು ನಿಂತಿದ್ದ ಬಾಳವ್ವನ ಕೈಗೆ ಕೊಟ್ಟರು, ಹಲಗೆಯನ್ನು ಎತ್ತಿ ಗೋಡೆಗೆ ಆನಿಸಿದರು.

ಕೆಳಗೆ ಪೆಟ್ಟಿಗೆಯಂಥ ಜಾಗ. ಊರೂರಿನ ಭಕ್ತರು ಸಭೆಗಳಲ್ಲಿ ಅಜ್ಜಾರಿಗೆ ಹೊದಿಸಿದ ಶಾಲುಗಳನ್ನು ಅದರಲ್ಲಿ ಒತ್ತಿ ತುಂಬಲಾಗಿತ್ತು. ಅಡಿವೆಪ್ಪ ಒಂದನ್ನು ಎಳೆದ. ಅದು ಹಿಂಡಿದರೆ ಒಂದು ಚರಿಗೆ ನೀರು ಕೊಡುವಷ್ಟು ಭಾರವಾಗಿತ್ತು. ಕೆಳಗಿನವೆಲ್ಲ ಹಸಿರಾಗಿದ್ದವು. ತಳದಲ್ಲಿ, ಹೀಟರಿನ ಬಾಯಿಗೆ ಸೇರುವ ಪೈಪು ಬಿರುಕು ಬಿಟ್ಟು ಸದ್ದಿಲ್ಲದೆ ಜಿನುಗುತ್ತಿತ್ತು.

ಒಂದು ಹನಿಯೂ ನೆಲ ಮುಟ್ಟದಂತೆ ಸನ್ಮಾನಗಳು ನೋಡಿಕೊಂಡಿದ್ದವು. ಅವಕ್ಕೂ ಮೀರಿದ್ದು ಮಾತ್ರ ಬಾಳವ್ವನ ಕೌದಿಗೆ ಬಂದಿತ್ತು.

“ನನ್ನ ತಂಬಿಗಿ ಹೆಂಗೈತಿ ಈಗ?” ಎಂದಳು ಬಾಳವ್ವ.

ಅಡಿವೆಪ್ಪ ಎಂಜಿನ್ ಆರುವ ತನಕ ಕಾದ. ಹೀಟರಿಗೆ ಹೋಗುವ ಎರಡೂ ಪೈಪುಗಳನ್ನು ಮುಂದೆಯೇ ಕಳಚಿ, ಎಂಜಿನ್ನಿನ ಆ ಎರಡು ಬಾಯಿಗಳಿಗೆ ಒಂದೇ ತುಂಡು ಪೈಪು ಜೋಡಿಸಿ ಕ್ಲಿಪ್ಪು ಬಿಗಿದ. ಇನ್ನು ನೀರು ಹಿಂದಕ್ಕೆ ಹೋಗುವಂತಿರಲಿಲ್ಲ. ಅಷ್ಟೇ ಕೆಲಸ. ಆಮೇಲೆ ಬಾಳವ್ವ ಬಡಿಸಿದ ರೊಟ್ಟಿಗಳನ್ನು ಮರುಮಾತಾಡದೆ ತಿಂದ.

ಮುಂಜಾನೆ ಮತ್ತೆ ನೀರು ತುಂಬಿ ಹೊರಟರು. ಕೌದಿ ಇನ್ನೂ ಒಣಗಿರಲಿಲ್ಲ. ಬಾಳವ್ವ ಗದ್ದುಗೆಯ ಮೇಲೆ ಮಲಗಲಿ ಎಂದು ಅಜ್ಜಾರು ತಾವು ಮುಂದೆ, ಶಿಷ್ಯನ ಪಕ್ಕ ಕೂತರು. ಅಡಿವೆಪ್ಪನ ಬಾಯಿ ತೆರೆಯಿತು. ಅಜ್ಜಾರು ಅವನ ಕಡೆ ನೋಡಿದರು. ಬಾಯಿ ಮುಚ್ಚಿತು.

ಮೊದಲ ಏರು ಬಂತು. ಎಂಜಿನ್ನಿನ ಕಾವು ತೋರಿಸುವ ಮುಳ್ಳು ನಡುವಿನಲ್ಲೇ ನಿಂತಿತು. ಎರಡನೆಯ ಏರಿನಲ್ಲೂ ಅಲ್ಲೇ. ಅಡಿವೆಪ್ಪ ರಸ್ತೆಗಿಂತ ಮುಳ್ಳನ್ನೇ ಹೆಚ್ಚು ನೋಡಿದ. ಅಜ್ಜಾರು ಇಬ್ಬರ ಪರವಾಗಿ ರಸ್ತೆ ನೋಡಿದರು.

ಬಿಸಿಲೇರುವ ಹೊತ್ತಿಗೆ ಘಟ್ಟದ ಆಚೆಯ ಊರಿನ ಮನೆಯ ಮುಂದೆ ಗಾಡಿ ನಿಂತಿತು. ಇಬ್ಬರೂ ಕೈಹಿಡಿದು ಬಾಳವ್ವನನ್ನು ಒಳಗೆ ಕರೆದೊಯ್ದರು. ಅಕ್ಕನಿಗೆ ಎಚ್ಚರವಿತ್ತು. ಅವಳು ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು.

“ತಡಾ ಮಾಡಿದಿ,” ಎಂದಳು.

“ಹುಡುಕೂದು ತಡ ಆತವ್ವಾ,” ಎಂದು ಬಾಳವ್ವ ಅವಳ ಪಕ್ಕದಲ್ಲೇ ಒರಗಿದಳು.

ಶಿಷ್ಯ, ಗುರು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಅಡಿವೆಪ್ಪನಿಗೆ ಒಂದು ಮಾತು ಉಳಿದಿತ್ತು. ಕೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿ ಕೊನೆಗೆ ಕೇಳಿದ.

“ಅಜ್ಜಾರೆ, ದಿನಾ ಅದರ ಮ್ಯಾಲೇ ಕುಂದರತಿದ್ರಿ. ಒದ್ದಿ ಆದದ್ದು ತಮಗ ಗೊತ್ತಾಗಲಿಲ್ಲೇನ್ರಿ?”

“ಗೊತ್ತಾಗಿತ್ತು. ಬೆಚ್ಚಗೂ ಇತ್ತು. ವಯಸ್ಸಾತು ಅಂದ್ಕೊಂಡು ಸುಮ್ಮನಿದ್ದೆ.”

ಅಡಿವೆಪ್ಪನಿಗೆ ನಗು ಬಂತು. ನಗಬಹುದೋ ಇಲ್ಲವೋ ತಿಳಿಯದೆ ಗಾಡಿಯ ಕಡೆ ನೋಡಿದ. ಅದರ ಕೆಳಗಿನ ನೆಲ ಒಣಗಿತ್ತು.

ಅಜ್ಜಾರೂ ಅತ್ತಲೇ ನೋಡುತ್ತ ಹೇಳಿದರು: “ನೀ ನನ್ನ ಮ್ಯಾಲೆ ಸಂಶಯ ಪಡಲಿಲ್ಲ. ನಾ ನನ್ನ ಮ್ಯಾಲೇ ಪಟ್ಟೆ. ಆ ಪೈಪಿನ ಮ್ಯಾಲೆ ಯಾರೂ ಪಡಲಿಲ್ಲ.”