ಅಲ್ಲಗಳೆಯಲಾಗದ ಸಾಕ್ಷಿ

ಪಕ್ಕದ ಊರಿಗೆ ಹೋಗಿದ್ದ ಗುರು ಮಹಾಂತಯ್ಯನವರು ಹೊಳೆದಂಡೆಯ ಆಶ್ರಮಕ್ಕೆ ಮರಳಿದಾಗ ಶಿಷ್ಯ ಮರುಳಯ್ಯ ಬಾಗಿಲಲ್ಲೇ ಕಾದಿದ್ದ. ಅಬ್ಬಾ, ಅವನ ಮುಖದ ಗೆಲುವೇ!

"ಬುದ್ಧೀ, ನಿಮ್ಮ ಗುರುಗಳ ಕಾಲದ ಓಲೆಗರಿ ಕಟ್ಟು ಕಳವಾಗಿತ್ತು. ಕಳ್ಳಿಯನ್ನು ಹಿಡಿದೂ ಆಯಿತು, ಬೆಳಿಗ್ಗೆ ಹೊಳೆ ದಾಟಿಸಿಯೂ ಆಯಿತು."

"ಯಾರನ್ನಪ್ಪ?"

"ಹೊನ್ನಮ್ಮನನ್ನು."

ಹೊನ್ನಮ್ಮ ಅವನ ಜೊತೆಗೇ ಪಾಠ ಕೇಳುತ್ತಿದ್ದವಳು. ಹನ್ನೆರಡು ವರ್ಷದಿಂದ ಆಶ್ರಮವೇ ಅವಳ ಮನೆ, ಬೇರೆ ದಿಕ್ಕಿಲ್ಲ.

"ಸಾಕ್ಷಿ ಏನು?" ಗುರುಗಳ ದನಿ ಸಣ್ಣದಾಯಿತು.

"ಅಲ್ಲಗಳೆಯೋಕಾಗದ ಸಾಕ್ಷಿ, ಬುದ್ಧೀ! ಕಟ್ಟಿಗೆ ಸುತ್ತಿದ್ದ ಕೆಂಪು ದಾರ ಅವಳ ಚಾಪೆ ಕೆಳಗೇ ಸಿಕ್ಕಿತು. ಬೆರಳಿಗೆ ಓಲೆಗರಿ ಎಣ್ಣೆಯ ವಾಸನೆ. ಇನ್ನೇನು ಬೇಕು?"

"ಅವಳೇನಂದಳು?"

"ಏನಂತಾಳೆ? ಮೌನವ್ರತದ ನೆಪ ಇತ್ತಲ್ಲ. ಹೋಗಲಿ, ತಲೆಯನ್ನಾದರೂ ಅಲ್ಲಾಡಿಸಬಹುದಿತ್ತು. ಮೂರು ಸಲ ಕೇಳಿದೆ. ಕಣ್ಣಲ್ಲಿ ನೀರು ಬಂತು, ಅಷ್ಟೇ. ಅಂಬಿಗನಿಗೆ, ಹಾಲಿನವಳಿಗೆ, ಆಚೆ ದಡದ ಊರಿಗೆಲ್ಲ ಹೇಳಿಬಿಟ್ಟಿದ್ದೀನಿ, ಅವಳನ್ನು ಯಾರೂ ಸೇರಿಸಬೇಡಿ ಅಂತ."

ಗುರುಗಳು ಜಗಲಿಯ ಮೇಲೆ ಕುಸಿದು ಕುಳಿತರು. ಜೋಳಿಗೆಗೆ ಕೈ ಹಾಕಿ ಓಲೆಗರಿಯ ಕಟ್ಟನ್ನು ಹೊರಗೆ ತೆಗೆದಿಟ್ಟರು. ಅದಕ್ಕೆ ಹೊಸ ಬಿಳಿ ದಾರ ಸುತ್ತಿತ್ತು.

ಮರುಳಯ್ಯ ಬಗ್ಗಿ ನೋಡಿದ. ಅದೇ ಕಟ್ಟು.

"ಪಕ್ಕದ ಊರಿನ ಪಂಡಿತರಿಗೆ ತೋರಿಸೋಕೆ ನಾನೇ ಒಯ್ದಿದ್ದೆ ಕಣೋ. ಎಣ್ಣೆ ಹಚ್ಚಿ, ಹಳೇ ದಾರ ಬಿಚ್ಚಿ, ಹೊಸದು ಕಟ್ಟಿಕೊಟ್ಟವಳು ಹೊನ್ನಮ್ಮ. ಆಮೇಲೆ ಅವಳಿಗೆ ಕಾಷ್ಠಮೌನದ ವ್ರತ ಕೊಟ್ಟು ಹೊರಟೆ. ಅದರಲ್ಲಿ ಮಾತೂ ಇಲ್ಲ, ಸನ್ನೆಯೂ ಇಲ್ಲ, ತಲೆ ಆಡಿಸುವ ಹಾಗೂ ಇಲ್ಲ."

"ಅಯ್ಯೋ ಶಿವನೇ!" ಮರುಳಯ್ಯ ತಲೆಯ ಮೇಲೆ ಕೈ ಇಟ್ಟುಕೊಂಡ. ಅವಳು ಹರಿಗೋಲು ಹತ್ತಿದ ರೀತಿ ಕಣ್ಣಿಗೆ ಕಟ್ಟಿತು. ಬಟ್ಟೆಯ ಗಂಟನ್ನೂ ತೆಗೆದುಕೊಳ್ಳಲು ಅವನು ಬಿಟ್ಟಿರಲಿಲ್ಲ.

"ನನಗೆ ಗೊತ್ತಿರಲಿಲ್ಲ ಬುದ್ಧೀ. ದಾರ ನಿಜ, ಎಣ್ಣೆ ನಿಜ. ಯಾರೂ ಅಲ್ಲ ಅನ್ನಲಿಲ್ಲ..."

"ಅಲ್ಲಗಳೆಯೋಕಾಗದ್ದು ಅಂತ ಯಾವಾಗ ಅನ್ನಬೇಕು ಗೊತ್ತೇನೋ? ಅಲ್ಲ ಅನ್ನುವವರಿಗೆ ಬಾಯಿ ತುಂಬ ಅನ್ನಲು ಬಿಟ್ಟು, ಅವರು ಸೋತ ಮೇಲೆ. ನೀನು ಬಾಯಿ ಕಟ್ಟಿದವಳ ಮುಂದೆ ಗೆದ್ದು ಬಂದಿದ್ದೀಯ."

ಮರುಳಯ್ಯ ನಾಚಿಕೆಯಿಂದ ಸತ್ತೇಹೋದ. ಕಣ್ಣೊರೆಸಿಕೊಂಡು ಹೊಳೆಯ ಕಡೆ ತಿರುಗಿದ.

"ಈಗಲೇ ಕರೆತರುತ್ತೇನೆ, ಬುದ್ಧೀ. ಅವಳೇ ಎಲ್ಲರ ಮುಂದೆ ನಿಜ ಹೇಳಲಿ."

"ಅವಳು ಬಾಯಿ ತೆರೆಯೋಕೆ ಇನ್ನೂ ಎರಡು ದಿನ ಇದೆ, ಮರುಳಯ್ಯ. ಅಲ್ಲೀತನಕ ಮನೆಮನೆಗೂ ಹೋಗಿ, ನಿನ್ನ ಸಾಕ್ಷಿಯನ್ನು ನೀನೇ ಅಲ್ಲಗಳೆಯಬೇಕು."