ಬಾಲವಿಲ್ಲದ ಫೈಲು

ನೀರು ಸರಬರಾಜು ಆಫೀಸಿನ ಕಂಪ್ಯೂಟರಿನಲ್ಲಿ ಫೈಲುಗಳನ್ನು ತೆರೆದು ತೋರಿಸುವ ಎಡಿಟರ್ ಎಂಬ ತಂತ್ರಾಂಶವೊಂದಿತ್ತು. ಫೈಲು ಎದುರಿಗೆ ಬಂದರೆ, ಹೆಸರಿನ ಕೊನೆಗೆ ಚುಕ್ಕೆಯಿಟ್ಟು ಬರೆದ ಬಾಲ ನೋಡಿ ಜಾತಿ ನಿರ್ಧರಿಸುವುದು, ಯಂತ್ರಕ್ಕೆ ಕೆಲಸ ಹೇಳುವ ಸ್ಕ್ರಿಪ್ಟಾದರೆ ಅಕ್ಷರಗಳಿಗೆ ಬಣ್ಣ ಹಚ್ಚುವುದು, ಇಲ್ಲದಿದ್ದರೆ ಕಪ್ಪಾಗಿಯೇ ಬಿಡುವುದು ಅದರ ಪದ್ಧತಿ.

ಒಮ್ಮೆ ಬಾಲವಿಲ್ಲದ ಮುದಿ ಫೈಲೊಂದು ಬಂತು.

“ನೀನು ಸಾದಾ ಬರಹ. ನಿನಗೆ ಬಣ್ಣವಿಲ್ಲ,” ಎಂದಿತು ಎಡಿಟರ್.

“ಸ್ವಾಮಿ, ನಾನು ಸ್ಕ್ರಿಪ್ಟು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಊರಿಗೆ ನೀರು ಬಿಡುತ್ತಿರುವುದು ನಾನೇ. ಒಳಗೆ ಓದಿ ನೋಡಿ.”

“ಓದುವುದು ನನ್ನ ಕೆಲಸವಲ್ಲ.”

ಆಪರೇಟರ್ ವಾರಿಜಾಕ್ಷಿಗೆ ಈ ಪದ್ಧತಿ ಸರಿಕಾಣಲಿಲ್ಲ. ಬಾಲವಿಲ್ಲದವಕ್ಕೆ ಅನ್ಯಾಯವಾಗಬಾರದೆಂದು ಎಡಿಟರಿಗೆ ಹೊಸ ನಿಯಮ ಬರೆದಳು: ಬಾಲ ಇಲ್ಲದಿದ್ದರೆ ಮೊದಲ ಸಾಲು ನೋಡು, ಅಲ್ಲಿ ಸ್ಕ್ರಿಪ್ಟೆಂದು ಹೇಳಿದ್ದರೆ ಬಣ್ಣ ಹಚ್ಚು.

ಎಡಿಟರ್ ಮುದಿ ಫೈಲಿನ ಮೊದಲ ಸಾಲು ನೋಡಿತು. ಅಲ್ಲಿದ್ದದ್ದು ಅದನ್ನು ಬರೆದು ನಿವೃತ್ತನಾದ ಈರಣ್ಣನ ಹೆಸರು ಮಾತ್ರ.

“ಎರಡನೆಯ ಸಾಲಿಗೆ ಬನ್ನಿ ಸ್ವಾಮಿ,” ಎಂದು ಫೈಲು ಬೇಡಿತು.

“ನಿಯಮದಲ್ಲಿ ಎರಡನೆಯ ಸಾಲಿನ ಮಾತೇ ಇಲ್ಲ.”

ಪಕ್ಕದಲ್ಲಿ ಆಫೀಸಿನ ಟೀ ಸರದಿಯ ಪಟ್ಟಿಯೊಂದಿತ್ತು. ಯಾರೋ ಅದಕ್ಕೆ ಸ್ಕ್ರಿಪ್ಟಿನ ಬಾಲ ಅಂಟಿಸಿದ್ದರು. ಎಡಿಟರ್ ಅದಕ್ಕೆ ಕೆಂಪು, ಹಸಿರು, ನೀಲಿ ಹಚ್ಚಿ ಮೆರೆಸಿತು.

ತನ್ನ ನಿಯಮವನ್ನು ನಂಬಿದ್ದ ವಾರಿಜಾಕ್ಷಿ ಸಂಜೆ ಬಣ್ಣವಿಲ್ಲದ ಫೈಲುಗಳನ್ನೆಲ್ಲ ಕಸವೆಂದು ಅಳಿಸಿಹಾಕಿದಳು.

ಮರುದಿನ ಊರಿನ ನಲ್ಲಿಗಳಲ್ಲಿ ಬರೀ ಗಾಳಿ ಬಂತು. ಅವಳು ಓಡಿಬಂದು ಎಡಿಟರ್ ತೆರೆದಳು.

“ಇಲ್ಲಿ ಏನೂ ತಪ್ಪಿಲ್ಲ ತಾಯಿ,” ಎಂದಿತು ಅದು. “ಉಳಿದವರೆಲ್ಲ ಬಣ್ಣದವರೇ.”