ಗುಡ್ಡದ ಬೇರು ಮತ್ತು ರೇಡಿಯೋರಾಯರು

ಹಾವಿನೊಡನೆ ಕಾದಾಡಿ ಬಂದಾಗಲೆಲ್ಲ ಮುಂಗುಸಿ ಗುಡ್ಡದ ಬೇರೊಂದನ್ನು ಅಗಿದು ಗಾಯ ವಾಸಿಮಾಡಿಕೊಳ್ಳುತ್ತಿತ್ತು. ಬೇರು ಕಿತ್ತಮೇಲೆ ಅದರ ಚಿಗುರುವ ತಲೆಯನ್ನು ಗುಂಡಿಗಿಟ್ಟು ಮತ್ತೆ ಬೆಳೆಯಲೆಂದು ಮಣ್ಣು ಮುಚ್ಚುವುದು ಮುಂಗುಸಿ ಕುಲದ ಪದ್ಧತಿ.

ಒಂದು ದಿನ ಕಾಡಿನ ಕಾವಲುಗಾರನ ಅಟ್ಟಣೆಯಲ್ಲಿದ್ದ ರೇಡಿಯೋ, "ಕಾಡಿನ ಬೇರಿನಿಂದ ಲಾಭ ಮಾಡಿಕೊಂಡವರು ಅದನ್ನು ಕಾಪಾಡಿದವರಿಗೂ ಪಾಲು ಕೊಡಬೇಕು" ಎಂದು ಸಾರಿತು.

ಮುಂಗುಸಿಗೆ ಸಿಟ್ಟು ಬಂತು. "ಮೆಲ್ಲಗೆ ಮಾತಾಡಿ, ರೇಡಿಯೋರಾಯರೇ. ನಮ್ಮ ಗುಟ್ಟು ನರಿಯ ಕಿವಿಗೆ ಬಿದ್ದೀತು."

"ನರಿ ಆ ಬೇರಿನಿಂದಲೇ ಹುಲಿಯ ಹುಣ್ಣು ವಾಸಿಮಾಡಿ, ದಿನವೂ ಅದರ ಬೇಟೆಯಲ್ಲಿ ಪಾಲು ತಿನ್ನುತ್ತಿದೆ. ಅದರಲ್ಲಿ ನಿಮಗೂ ಪಾಲಿದೆ ಎಂಬುದು ಗೊತ್ತಿಲ್ಲದಿರುವುದು ನಿಮ್ಮವರಿಗೆ ಮಾತ್ರ," ಎಂದಿತು ರೇಡಿಯೋ.

ಮಾರನೆಯ ದಿನ ನರಿ ಬಂದು ಬೇರು ಕಿತ್ತಿತು. ಮುಂಗುಸಿ ಅಡ್ಡ ನಿಂತು, "ಒಯ್ಯು, ನರಿಯಣ್ಣ. ಆದರೆ ತಲೆಯನ್ನು ಗುಂಡಿಗಿಡು, ಹುಲಿ ಕೊಟ್ಟದ್ದರಲ್ಲಿ ನಮ್ಮ ಪಾಲು ತಂದುಕೊಡು" ಎಂದಿತು. ನರಿ ನಗಲು ಬಾಯಿ ತೆರೆಯಿತು. ಅಷ್ಟರಲ್ಲಿ ರೇಡಿಯೋ ಕೇಳಿದ್ದ ಮುಂಗುಸಿಗಳೆಲ್ಲ ಬಿಲಬಿಲದಿಂದ ಹೊರಬಂದು ನಿಂತವು. ನರಿ ಬಾಯಿ ಮುಚ್ಚಿಕೊಂಡು ಬೇರಿನ ತಲೆಯನ್ನು ತಾನೇ ನೆಟ್ಟಿತು. ಸಂಜೆ ಮಾಂಸದ ಪಾಲನ್ನೂ ತಂದಿಟ್ಟಿತು.

ಉಂಡಾದ ಮೇಲೆ ಮುಂಗುಸಿ ಅಟ್ಟಣೆಯ ಕೆಳಗೆ ಬಂದು ಕೂತಿತು. "ರಾಯರೇ, ನಾಳೆ ಸ್ವಲ್ಪ ಜೋರಾಗಿಯೇ ಹೇಳಿ. ಆಚೆ ಗುಡ್ಡದಲ್ಲೂ ನಮ್ಮವರಿದ್ದಾರೆ."